ಕರೆಂಟ್ ಕಂಪನಿ ಬದಲಿಸಿದರೆ ಮುಂಬಯಿಯ ಸಣ್ಣ ಹೋಟೆಲಿಗೆ ಉಳಿಯುವುದೆಷ್ಟು?

ಅಂಧೇರಿ, ಬೊರಿವಲಿ, ಘಾಟ್ಕೋಪರ್, ಚೆಂಬೂರು ಕಡೆ ಹೋಟೆಲ್ ನಡೆಸುವವರಿಗೆ ಊರಿನ ಮೆಸ್ಕಾಂ ಗ್ರಾಹಕರಿಗಿಲ್ಲದ ಒಂದು ಅನುಕೂಲವಿದೆ. ಕರೆಂಟ್ ಕೊಡುವ ಕಂಪನಿ ಸರಿಬರದಿದ್ದರೆ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ಉಪನಗರದಲ್ಲಿ ಅದಾನಿ ಎಲೆಕ್ಟ್ರಿಸಿಟಿ (2018ರವರೆಗೆ ರಿಲಯನ್ಸ್ ಆಗಿದ್ದದ್ದು) ಮತ್ತು ಟಾಟಾ ಪವರ್ ಎರಡಕ್ಕೂ ಲೈಸನ್ಸ್ ಇದೆ. ಟಾಟಾ ಸಣ್ಣ ಗ್ರಾಹಕರಿಗೂ ಕರೆಂಟ್ ಮಾರಬಹುದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅದಾನಿಯ ತಂತಿಯಲ್ಲೇ ಟಾಟಾ ಕರೆಂಟ್ ಪಡೆಯುವ ದಾರಿಯನ್ನು ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ 2009ರಲ್ಲಿ ತೆರೆಯಿತು. ಇದಕ್ಕೆ ಚೇಂಜ್‌ಓವರ್ ಅನ್ನುತ್ತಾರೆ. ಟಾಟಾದ್ದೇ ಕೇಬಲ್ ಕಟ್ಟಡದವರೆಗೆ ಬಂದು ಅದರಿಂದ ಸಂಪರ್ಕ ಪಡೆದರೆ ಅದು ಸ್ವಿಚ್‌ಓವರ್.

ಮೊದಲೇ ಹೇಳಿಬಿಡುವುದಾದರೆ, ವ್ಯವಸ್ಥೆ ಕೆಲಸ ಮಾಡುತ್ತದೆ, ಉಳಿತಾಯ ಮಾತ್ರ ಜನ ಅಂದುಕೊಂಡಷ್ಟಿಲ್ಲ. ಕನೆಕ್ಷನ್ ಸ್ವಂತ ಹೆಸರಿನಲ್ಲಿದ್ದು ತಿಂಗಳ ಬಳಕೆ ದೊಡ್ಡದಿದ್ದವರಿಗೆ ಪ್ರಯತ್ನ ಸಾರ್ಥಕ. ಕಂಡಕ್ಟಿಂಗ್ ಮೇಲೆ, ಅಂದರೆ ಬೇರೆಯವರ ಹೋಟೆಲನ್ನು ಕರಾರಿನ ಮೇಲೆ ಪಡೆದು ನಡೆಸುವವರಿಗೆ ಕಾಗದಪತ್ರದ ತಾಪತ್ರಯವೇ ಜಾಸ್ತಿ.

ಚೇಂಜ್‌ಓವರ್ ಆಯ್ಕೆ ಮುಂಬಯಿಯ ಎಲ್ಲ ಕಡೆ ಇಲ್ಲ. ಮಾಟುಂಗಾ, ದಾದರ್ ಹೋಟೆಲುಗಳು ಮಹಾನಗರಪಾಲಿಕೆಯ ಬೆಸ್ಟ್ ಸಂಸ್ಥೆಯ ವ್ಯಾಪ್ತಿಗೆ ಬರುತ್ತವೆ. ಮುಲುಂಡ್, ಭಾಂಡುಪ್, ಠಾಣೆಯಲ್ಲಿರುವುದು ರಾಜ್ಯ ಸರ್ಕಾರದ ಕಂಪನಿ ಮಹಾವಿತರಣ. ಅಲ್ಲಿಯವರು ಉಪನಗರದ ನೆಂಟರ ಲೆಕ್ಕ ಕೇಳಿ ಓಡಾಡಿ ಪ್ರಯೋಜನವಿಲ್ಲ.

ಈಗ ದರ. ಎರಡು ಕಂಪನಿಗಳ ಎನರ್ಜಿ ಚಾರ್ಜ್ ಅಕ್ಕಪಕ್ಕ ಇಟ್ಟು "ಯೂನಿಟ್‌ಗೆ ಇಷ್ಟು ಕಡಿಮೆ" ಎಂದು ತೋರಿಸುವ ಏಜೆಂಟರ ಮಾತು ಅರ್ಧ ಸತ್ಯ. ಚೇಂಜ್‌ಓವರ್‌ನಲ್ಲಿ ಕರೆಂಟ್ ಟಾಟಾದ್ದಾದರೂ ತಂತಿ ಅದಾನಿಯದ್ದೇ, ಆ ತಂತಿಯ ಬಾಡಿಗೆ ಅಂದರೆ ವೀಲಿಂಗ್ ಚಾರ್ಜ್ ಅದಾನಿಯ ದರದಲ್ಲೇ ಕಟ್ಟಬೇಕು. ಅದರ ಮೇಲೆ ಆಯೋಗ ಹಾಕಿದ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಕಡಿಮೆ ದರದ ಗ್ರಾಹಕರ ಹೊರೆ ತುಂಬಲು ಹಾಕುವ ಶುಲ್ಕ) ಇರಬಹುದು, ಕಂಪನಿಗೆ ಹಿಂದಿನ ವರ್ಷಗಳಲ್ಲಿ ವಸೂಲಾಗದೆ ಉಳಿದ ಖರ್ಚಿಗೆ ರೆಗ್ಯುಲೇಟರಿ ಅಸೆಟ್ ಚಾರ್ಜ್ ಕೂಡ ಇರಬಹುದು. ಇಂಧನ ದರ ಏರಿದಾಗ ಸೇರುವ ಎಫ್‌ಎಸಿ ಎರಡು ಕಂಪನಿಗಳಲ್ಲಿ ಬೇರೆ ಬೇರೆ. ಇಷ್ಟನ್ನೂ ಕೂಡಿಸಿದ ಮೇಲೆ ಬರುವ ಅಂಕಿಯನ್ನೇ ಹೋಲಿಸಬೇಕು.

ಲೆಕ್ಕಕ್ಕೆ ಒಂದು ಹೋಟೆಲ್ ತಿಂಗಳಿಗೆ 4,000 ಯೂನಿಟ್ ಸುಡುತ್ತದೆ ಅಂತಿಟ್ಟುಕೊಳ್ಳಿ. ಹೊಸ ಕಂಪನಿಯ ಎನರ್ಜಿ ಚಾರ್ಜ್ 60 ಪೈಸೆ ಕಡಿಮೆ, ವೀಲಿಂಗ್ ಮತ್ತು ಸರ್‌ಚಾರ್ಜ್ ಸೇರಿ 45 ಪೈಸೆ ಹೆಚ್ಚು. ಉಳಿದದ್ದು 15 ಪೈಸೆ, ಅಂದರೆ 600 ರೂಪಾಯಿ. ವ್ಯಾಪಾರಿ ಬಳಕೆಯ ಮೇಲಿನ 21 ಪ್ರತಿಶತ ವಿದ್ಯುತ್ ಸುಂಕವೂ ಅಷ್ಟರ ಮಟ್ಟಿಗೆ ಇಳಿಯುವುದರಿಂದ ಒಟ್ಟು 726 ರೂಪಾಯಿ. ಅದೇ ಹೋಟೆಲಿನ ಬಿಲ್ಲು 48,000 ಇದ್ದು, ಗಡುವು ದಾಟಿಸಿದರೆ 1.25 ಪ್ರತಿಶತ ದಂಡವೇ 600 ರೂಪಾಯಿ. ಬಿಲ್ಲು ಬಂದ ಏಳು ದಿನದೊಳಗೆ ಕಟ್ಟಿದವರಿಗೆ ಸಿಗುವ 1 ಪ್ರತಿಶತ ರಿಯಾಯಿತಿಯೂ ಹೋಗುತ್ತದೆ, ಅದು ಸುಂಕ ಬಿಟ್ಟು ಸುಮಾರು 400. ಬಿಲ್ಲನ್ನು ಗಲ್ಲಾದ ಕೆಳಗೆ ತುರುಕಿ ಮರೆಯುವವರು ಕಂಪನಿ ಬದಲಿಸುವ ಮೊದಲು ಆ ಅಭ್ಯಾಸ ಬದಲಿಸಿದರೆ ಹೆಚ್ಚು ಉಳಿಯುತ್ತದೆ.

ಬಿಲ್ಲಿನ ಮೇಲಿನ ಇನ್ನೊಂದು ಸಾಲನ್ನೂ ನೋಡಿ: ಸ್ಯಾಂಕ್ಷನ್ಡ್ ಲೋಡ್, ಅಂದರೆ ನಿಮಗೆ ಮಂಜೂರಾದ ಲೋಡಿನ ಮಿತಿ. ವ್ಯಾಪಾರಿ ದರದಲ್ಲಿ 20 ಕಿಲೋವ್ಯಾಟ್‌ವರೆಗೆ ಒಂದು ವರ್ಗ, 20ರಿಂದ 50 ಇನ್ನೊಂದು, 50ರ ಮೇಲೆ ಮತ್ತೊಂದು. 20 ದಾಟಿದವರಿಗೆ ಡಿಮ್ಯಾಂಡ್ ಚಾರ್ಜ್ (ಒಮ್ಮೆಲೇ ಎಳೆಯುವ ಗರಿಷ್ಠ ಲೋಡಿನ ಮೇಲಿನ ಶುಲ್ಕ) ಶುರು, ಒಪ್ಪಂದದ ಮಿತಿ ಮೀರಿದಷ್ಟಕ್ಕೆ ಒಂದೂವರೆ ಪಟ್ಟು ದರ. 2 ಎಚ್‌ಪಿ ಗ್ರೈಂಡರ್ ಅಂದರೆ 1.5 ಕಿಲೋವ್ಯಾಟ್. ಹಿಟ್ಟು ರುಬ್ಬುವುದು, ಎಸಿ, ಗೀಸರ್ ಎಲ್ಲ ಒಂದೇ ಗಂಟೆಗೆ ಬಿದ್ದರೆ ಮಿತಿ ದಾಟುವುದು ಸುಲಭ. ಇದು ಯಾವ ಕಂಪನಿಗೆ ಹೋದರೂ ಬೆನ್ನುಬಿಡದ ಖರ್ಚು. ಅರ್ಜಿ ಹಾಕುವಾಗಲೇ ಲೋಡ್ ಸರಿಪಡಿಸಿಕೊಂಡರೆ ಒಂದೇ ಓಡಾಟದಲ್ಲಿ ಎರಡು ಕೆಲಸವಾಗುತ್ತದೆ.

ಅರ್ಜಿಗೆ ಬೇಕಾದದ್ದು ಹೆಚ್ಚೇನಿಲ್ಲ. ಇತ್ತೀಚಿನ ಬಿಲ್ಲು, ಅದನ್ನು ಕಟ್ಟಿದ ರಸೀದಿ, ಗುರುತಿನ ಚೀಟಿ, ಗಾಳಾ (ಅಂಗಡಿ ಜಾಗ) ತಮ್ಮದೆಂದೋ ಬಾಡಿಗೆಯದೆಂದೋ ತೋರಿಸುವ ಕಾಗದ, ಪಾಲುದಾರಿಕೆಯಾಗಿದ್ದರೆ ಅದರ ಪತ್ರ. ಗುಮಾಸ್ತಾ ಲೈಸನ್ಸಿನ (ಅಂಗಡಿ ನೋಂದಣಿ) ಪ್ರತಿಯೂ ಕೈಯಲ್ಲಿರಲಿ. ಹಳೆಯ ಬಾಕಿ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ನಿಜವಾದ ತೊಡಕು ಹೆಸರಿನದ್ದು. ಎಷ್ಟೋ ಹೋಟೆಲುಗಳ ಮೀಟರ್ ಇನ್ನೂ ಮಾಲೀಕರ ಅಥವಾ ಎರಡು ಕೈ ಹಿಂದಿನ ಸೇಠರ ಹೆಸರಿನಲ್ಲಿದೆ. ಕಂಡಕ್ಟಿಂಗ್ ಪಡೆದವರು ವರ್ಷಗಟ್ಟಲೆ ಬಿಲ್ಲು ಕಟ್ಟಿದರೂ ಕಂಪನಿಯ ಕಡತದಲ್ಲಿ ಅವರು ಯಾರೂ ಅಲ್ಲ. ಬದಲಾವಣೆಯಾದಾಗ ಹಳೆಯ ಕಂಪನಿ ಕೊನೆಯ ಬಿಲ್ಲನ್ನು ಠೇವಣಿಯಲ್ಲಿ ಕಳೆದು ಉಳಿದದ್ದನ್ನು ಹಿಂದಿರುಗಿಸುವುದು ಕಡತದಲ್ಲಿರುವ ಹೆಸರಿಗೆ. ಹೊಸ ಕಂಪನಿಗೆ ಠೇವಣಿ ಕಟ್ಟುವವರು ಮಾತ್ರ ನೀವು. 2021ರ ನಿಯಮದಂತೆ ಠೇವಣಿ ಸರಾಸರಿ ತಿಂಗಳ ಬಿಲ್ಲಿನ ಎರಡರಷ್ಟು. ಮೇಲಿನ ಲೆಕ್ಕದ ಹೋಟೆಲಿಗೆ ಅದು 96,000 ರೂಪಾಯಿ. ಅದಕ್ಕೆ ಬಡ್ಡಿ ಬರುತ್ತದೆ ನಿಜ, ಆದರೆ ಹಳೆಯದು ಕೈಸೇರುವವರೆಗೆ ಎರಡೂ ಕಡೆ ಹಣ ಸಿಕ್ಕಿಕೊಂಡಿರುತ್ತದೆ. ತಿಂಗಳಿಗೆ 726 ರೂಪಾಯಿ ಉಳಿಸಲು ಹೋಗಿ ಹಳೆಯ ಠೇವಣಿ ಬೇರೆಯವರ ಖಾತೆಗೆ ಹೋದರೆ ಅದನ್ನು ತುಂಬಿಕೊಳ್ಳಲು ವರ್ಷಗಳೇ ಬೇಕು. ಮೊದಲು ಮಾಲೀಕರ ಎನ್‌ಒಸಿ ಮತ್ತು ಲೀವ್ ಅಂಡ್ ಲೈಸನ್ಸ್ ಕರಾರು ಇಟ್ಟು ಹಳೆಯ ಕಂಪನಿಯಲ್ಲೇ ಹೆಸರು ಬದಲಿಸಿಕೊಳ್ಳಿ. ಚೇಂಜ್‌ಓವರ್ ಅರ್ಜಿ ಅದಾದ ಮೇಲೆ.

ಮೀಟರ್ ಬದಲಿಸುವ ದಿನ ಮಧ್ಯಾಹ್ನದ ಊಟದ ಗಿರಾಕಿ ಮುಗಿದ ಮೇಲೆ, ಮೂರು-ನಾಲ್ಕು ಗಂಟೆಯ ಹೊತ್ತಿಗೆ ಕರೆಸಿ. ಹಳೆಯ ಮೀಟರಿನ ಯೂನಿಟ್, ಗರಿಷ್ಠ ಡಿಮ್ಯಾಂಡ್, ಮೀಟರ್ ನಂಬರ್, ಸೀಲ್ ಎಲ್ಲದರ ಫೋಟೋ ಇರಲಿ. ಕೊನೆಯ ಬಿಲ್ಲಿನ ಜಗಳಕ್ಕೆ ಅದೇ ಸಾಕ್ಷಿ. ಡೀಪ್ ಫ್ರೀಜರ್ ಬಾಗಿಲು ತೆರೆಯದಿದ್ದರೆ ಅಷ್ಟು ಹೊತ್ತಿಗೆ ಏನೂ ಆಗದು. ಜೋಡಣೆ ಮುಗಿದ ಕೂಡಲೇ ಎಲ್ಲ ಸ್ವಿಚ್ ಹಾಕಬೇಡಿ. ಮೇನ್ ಸ್ವಿಚ್ಚಿನ ಹತ್ತಿರ ಪ್ರತಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇದೆಯೇ ಎಂದು ನಿಮ್ಮ ವೈರ್‌ಮನ್ ಕೈಯಲ್ಲಿ ನೋಡಿಸಿ. ಆಮೇಲೆ ಸ್ವಲ್ಪ ಲೋಡ್ ಕೊಟ್ಟು ಇನ್ನೊಮ್ಮೆ ನೋಡಿಸಿ. ನ್ಯೂಟ್ರಲ್ ಸಡಿಲವಾಗಿದ್ದರೆ ಲೋಡ್ ಬಿದ್ದಾಗ ಒಂದು ಫೇಸ್ 300 ದಾಟಬಹುದು. ಬಿಲ್ಲಿಂಗ್ ಮೆಷಿನ್, ಫ್ರಿಜ್ ಸುಡುವುದು ಹಾಗೆ.

ಇನ್ನೊಂದು ಸೂಕ್ಷ್ಮವಿದೆ, ಇದು ಬೇಗ ಗೊತ್ತಾಗುವುದಿಲ್ಲ. ಮೂರು ಫೇಸ್ ವೈರುಗಳಲ್ಲಿ ಎರಡು ಅದಲುಬದಲಾದರೆ ತ್ರೀ-ಫೇಸ್ ಮೋಟಾರು ಉಲ್ಟಾ ತಿರುಗುತ್ತದೆ. ಗ್ರೈಂಡರಿನಲ್ಲಾದರೆ ಕಣ್ಣಿಗೆ ಕಾಣುತ್ತದೆ. ಚಿಮಣಿಯ ಬ್ಲೋವರ್ ಮಾತ್ರ ಉಲ್ಟಾ ತಿರುಗಿದರೂ ಗಾಳಿಯನ್ನು ಹೊರಗೇ ತಳ್ಳುತ್ತದೆ, ಆದರೆ ನಿಶ್ಶಕ್ತಿಯಿಂದ. ಸಂಜೆ ದೋಸೆ ಕಲ್ಲು ಕಾದ ಮೇಲೆ ಅಡುಗೆಮನೆ ತುಂಬ ಹೊಗೆ, ಬೈಗುಳ ಚಿಮಣಿ ತೊಳೆಯುವವನಿಗೆ! ಬ್ಲೋವರ್ ಮೇಲಿನ ಬಾಣದ ಗುರುತು ನೋಡಿ ಸಿಬ್ಬಂದಿ ಹೊರಡುವ ಮುಂಚೆಯೇ ಸರಿಪಡಿಸಿಕೊಳ್ಳಿ.

ಕರೆಂಟ್ ಹೋಗುವುದು ಕಡಿಮೆಯಾಗಬಹುದೆಂಬ ಆಸೆ ಬೇಡ. ಚೇಂಜ್‌ಓವರ್‌ನಲ್ಲಿ ತಂತಿ, ಸಬ್‌ಸ್ಟೇಷನ್ ಎಲ್ಲ ಹಳೆಯವೇ. ಕೇಬಲ್ ಸುಟ್ಟರೆ ನೆಟ್‌ವರ್ಕ್ ಯಾರದ್ದೋ ಅವರೇ ಬರಬೇಕು. ಸ್ವಿಚ್‌ಓವರ್‌ನಲ್ಲಾದರೆ ವ್ಯತ್ಯಾಸ ಬರಬಹುದು, ಆದರೆ ಹತ್ತಿರದಲ್ಲಿ ಟಾಟಾ ಕೇಬಲ್ ಮತ್ತು ಕಟ್ಟಡದಲ್ಲಿ ಮೀಟರಿಗೆ ಜಾಗ ಎರಡೂ ಬೇಕು. ಹಳೆಯ ಚಾಳಿನ ಕೆಳಗಿನ ಗಾಳಾಗಳಲ್ಲಿ ಇದು ಕಷ್ಟ. ಛಾವಣಿಯ ಮೇಲೆ ಸೋಲಾರ್ ಹಾಕಿದವರು ನೆಟ್ ಮೀಟರಿಂಗ್ (ಹೆಚ್ಚಾದ ಸೋಲಾರ್ ಕರೆಂಟನ್ನು ಕಂಪನಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ) ಒಪ್ಪಂದವನ್ನು ಹೊಸ ಕಂಪನಿಯ ಜೊತೆ ಬೇರೆಯಾಗಿ ಮಾಡಿಕೊಳ್ಳಬೇಕು. ಜಮೆಯಾದ ಯೂನಿಟ್‌ಗಳ ಗತಿ ಏನೆಂದು ಮೊದಲೇ ಬರಹದಲ್ಲಿ ಕೇಳಿ.

ದರಗಳು ಆಯೋಗದ ಆದೇಶದಂತೆ ಸಾಮಾನ್ಯವಾಗಿ ಏಪ್ರಿಲ್ 1ರಿಂದ ಬದಲಾಗುತ್ತವೆ. ಹಿಂದೆ ಟಾಟಾಕ್ಕೆ ಹೋದವರಲ್ಲಿ ಬಹಳ ಮಂದಿ ದರ ತಿರುಗಿದಾಗ ವಾಪಸಾದದ್ದೂ ಉಂಟು. ಮಾರ್ಚ್‌ನಲ್ಲಿ ಅರ್ಜಿ ಹಾಕುವುದಕ್ಕಿಂತ ಹೊಸ ಆದೇಶ ನೋಡಿ ಹಾಕುವುದು ಜಾಣತನ.

ಹೊಸ ಕಂಪನಿಯ ಮೊದಲ ಬಿಲ್ಲಿನಲ್ಲಿ ದರದ ವರ್ಗ, ಲೋಡ್, ಆರಂಭದ ರೀಡಿಂಗ್ ಮತ್ತು ಗುಣಕ (ರೀಡಿಂಗನ್ನು ಗುಣಿಸುವ ಸಂಖ್ಯೆ) ಪರೀಕ್ಷಿಸಿ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ ಮೀಟರಿನಲ್ಲಿ 100/5 ಅನುಪಾತವಿದ್ದರೆ ಗುಣಕ 20. ಅದು 40 ಎಂದು ದಾಖಲಾದರೆ ಯೂನಿಟ್ ದುಪ್ಪಟ್ಟು. ತಪ್ಪು ಬಿಲ್ಲು ಬಂದರೆ ಕಟ್ಟದೆ ಕೂರಬೇಡಿ. ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ತಗಾದೆ ಮುಗಿಯುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಕಂಪನಿಯಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕ ಕುಂದುಕೊರತೆ ವೇದಿಕೆ, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್.