ಆಸ್ಟ್ರೇಲಿಯಾದ ಗಣಿನಾಡಿನ ದಾರಿಗೆ ಯುಎಚ್‌ಎಫ್ ರೇಡಿಯೊ: ಕೆಲವು ವರ್ಷ ಬಳಸಿದ ಮೇಲೆ

ಪರ್ತ್‌ನಲ್ಲಿರುವ ನಮ್ಮವರು ಚಿನ್ನದ ಗಣಿಯ ಊರಾದ ಕಾಲ್ಗೂರ್ಲಿ ಕಡೆ ಹೊರಟಾಗಲೆಲ್ಲ ಕೇಳುವುದು ಇದನ್ನೇ: "ಕಾರಿಗೆ ಆ ರೇಡಿಯೊ ನಿಜವಾಗ್ಲೂ ಬೇಕಾ? ಫೋನ್ ಇದೆಯಲ್ಲ?" ಹತ್ತಿರದ ಗಾಡಿಗಳವರು ಫೋನ್ ನೆಟ್ವರ್ಕ್ ಇಲ್ಲದೆಯೇ ಪರಸ್ಪರ ಮಾತಾಡಿಕೊಳ್ಳುವ ರೇಡಿಯೊ ಅದು. ಕಾಲ್ಗೂರ್ಲಿಯ ದೊಡ್ಡ ತೆರೆದ ಗಣಿ ಸೂಪರ್ ಪಿಟ್ ನೋಡಿ ವಾಪಸ್ ಬರುವವರಿಗೆ ಬೇಡ. ಸುಮಾರು 600 ಕಿ.ಮೀ. ಒಳ್ಳೆ ಟಾರು ರಸ್ತೆ, ನಡುನಡುವೆ ಊರುಗಳಿವೆ. ಅಲ್ಲಿಂದ ಉತ್ತರಕ್ಕೆ ಮೆಂಜೀಸ್, ಲಿಯೊನೊರಾ, ಆಮೇಲೆ ಲ್ಯಾವರ್ಟನ್ ಅಂತ ಮುಂದುವರಿಯುವವರಿಗೆ ಬೇಕೇ ಬೇಕು. ಅಲ್ಲಿ ಊರು ದಾಟಿ ಸ್ವಲ್ಪ ದೂರ ಹೋದರೆ ಫೋನ್ ಸಿಗ್ನಲ್ ಹೋಗುತ್ತದೆ. ಎಷ್ಟೋ ಕಡೆ ಮುಂದಿನ ಊರಿನ ತನಕ ಬರುವುದೇ ಇಲ್ಲ.

ನನ್ನದು ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸಿದ 5 ವಾಟ್ ಸೆಟ್. 80 ಚಾನೆಲ್ ಇವೆ. ಬಳಸುವವರು ಬೇರೆ ಲೈಸೆನ್ಸ್ ತೆಗೆದುಕೊಳ್ಳಬೇಕಿಲ್ಲ, ತಿಂಗಳ ಬಿಲ್ ಅಂತೂ ಇಲ್ಲವೇ ಇಲ್ಲ. ಕೈಯಲ್ಲಿ ಹಿಡಿಯುವ ಅಗ್ಗದ ವಾಕಿಟಾಕಿಗಳೂ ಸಿಗುತ್ತವೆ. ಎರಡು ಕಾರಿನವರು ಹಿಂದೆಮುಂದೆ ಹೋಗುವಾಗ ಮಾತಾಡಿಕೊಳ್ಳಲು ಅವು ಸಾಕು. ಆದರೆ ಕಾರಿನ ತಗಡಿನೊಳಗೆ ಕೂತು ಅದರಲ್ಲಿ ದೂರದ ಲಾರಿಯವನನ್ನು ಕರೆದರೆ ಕೇಳಿಸುವುದು ಕಷ್ಟ.

ಈ ರೇಡಿಯೊ ಇರುವುದು ಮಾತಾಡುವುದಕ್ಕಿಂತ ಜಾಸ್ತಿ ಕೇಳಿಸಿಕೊಳ್ಳುವುದಕ್ಕೆ. ಹೆದ್ದಾರಿಯಲ್ಲಿ ಲಾರಿಯವರೆಲ್ಲ ಇರುವುದು 40ನೇ ಚಾನೆಲ್‌ನಲ್ಲಿ. ಅದನ್ನು ಹಾಕಿಟ್ಟು ಸುಮ್ನೆ ಓಡಿಸುತ್ತಿದ್ದರೆ ಸಾಕು. ಮುಂದೆ ರಸ್ತೆ ಮೇಲೆ ದನ ನಿಂತಿದೆ, ಇಂತಲ್ಲಿ ರಸ್ತೆ ಕೆಲಸ ನಡೆಯುತ್ತಿದೆ, ಎಲ್ಲ ಮೊದಲೇ ಗೊತ್ತಾಗುತ್ತದೆ. ಕಾರಿನಲ್ಲಿ ಮಕ್ಕಳಿದ್ದರೆ ಮಾತ್ರ ವಾಲ್ಯೂಮ್ ಮೇಲೊಂದು ಕೈ ಇರಲಿ. ಡ್ರೈವರ್‌ಗಳ ಬಾಯಿ ಎಲ್ಲಾ ದೇಶದಲ್ಲೂ ಒಂದೇ, ಅಲ್ವಾ?

ಕೆಜಿಎಫ್ ನೋಡಿದವರಿಗೆ ಇಲ್ಲಿನ ಚಿನ್ನದ ಗಣಿ ಬೇರೆ ಥರ ಕಾಣುತ್ತದೆ. 2001ರಲ್ಲಿ ಮುಚ್ಚಿದ ನಮ್ಮ ಗಣಿಯಲ್ಲಿ ಕೆಲಸವೆಲ್ಲ ನೆಲದಡಿ, 3 ಕಿ.ಮೀ. ಆಳದ ತನಕ. ಮೇಲೆ ಕಾಣುತ್ತಿದ್ದದ್ದು ಶಾಫ್ಟು, ಸೈನೈಡ್ ದಿಬ್ಬ ಅಷ್ಟೆ. ಸೂಪರ್ ಪಿಟ್‌ನಲ್ಲಿ ಸುಮಾರು ಮೂರೂವರೆ ಕಿ.ಮೀ. ಉದ್ದಕ್ಕೆ ನೆಲವನ್ನೇ ಬಗೆದಿದ್ದಾರೆ. ಹಾಗೆ ಬಗೆಯಲು ಬೇಕಾದ ಯಂತ್ರಗಳೂ ದೈತ್ಯವೇ. ಅವು ಒಂದು ಗಣಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಾವು ಹೋಗುವ ರಸ್ತೆಯಲ್ಲೇ ಬರಬೇಕು. ಡಂಪರ್‌ನ ಅದಿರು ತುಂಬುವ ಟ್ರೇ ಒಂದೇ ಸಾಕು, ರಸ್ತೆಯ ಎರಡೂ ಲೇನ್ ತುಂಬಿಸಿಬಿಡುತ್ತದೆ. ಅದರ ಮುಂದೆ ದೀಪ ಮಿನುಗಿಸುತ್ತ ಬರುವ ಪೈಲಟ್ ಗಾಡಿಯವನು 40ರಲ್ಲಿ ಹೇಳುತ್ತಾನೆ: "ಎಂಟು ಮೀಟರ್ ಅಗಲದ ಲೋಡ್ ಹಿಂದೆ ಬರ್ತಿದೆ, ಎಡಕ್ಕೆ ಇಳಿದು ನಿಲ್ಲಿಸಿ." ಏರು ಹತ್ತುವ ಮೊದಲೇ ಈ ಮಾತು ಕಿವಿಗೆ ಬಿದ್ದರೆ ಗಟ್ಟಿ ಜಾಗ ನೋಡಿ ನಿಧಾನವಾಗಿ ಇಳಿಸಬಹುದು. ಕೇಳದಿದ್ದರೆ ಏರಿನ ತುದಿಯಲ್ಲಿ ಎದುರಿಗೆ ಬಂದಾಗಲೇ ಗೊತ್ತಾಗುವುದು.

ಓವರ್‌ಟೇಕ್ ಮಾಡುವಾಗಲೂ ಇದರ ಬೆಲೆ ತಿಳಿಯುತ್ತದೆ. ಇಲ್ಲಿನ ರೋಡ್ ಟ್ರೇನ್ ಅಂದರೆ ಮೂರು ಟ್ರೇಲರ್ ಎಳೆಯುವ ಲಾರಿ, 53.5 ಮೀಟರ್ ತನಕ ಉದ್ದ. ಮಣ್ಣು ರಸ್ತೆಯಲ್ಲಿ ಅದು ಎಬ್ಬಿಸುವ ಕೆಂಪು ಧೂಳಿನಲ್ಲಿ ಮುಂದೇನಿದೆ ಅಂತ ಏನೂ ಕಾಣದು. ಆಗ ಮೈಕ್ ಎತ್ತಿ, ಯಾವ ದಿಕ್ಕಿಗೆ ಹೋಗುವ ರೋಡ್ ಟ್ರೇನ್, ಹಿಂದಿರುವ ನನ್ನ ಗಾಡಿ ಯಾವ ಬಣ್ಣದ್ದು ಅಂತ ಹೇಳಿ, ದಾಟಬಹುದಾ ಅಂತ ಕೇಳುತ್ತೇನೆ. ಹೆಚ್ಚಿನವರು ಎದುರು ರಸ್ತೆ ಖಾಲಿ ಇದೆಯಾ ಅಂತ ಹೇಳುತ್ತಾರೆ, ಕೆಲವರು ವೇಗ ತಗ್ಗಿಸಿ ಬಿಡುತ್ತಾರೆ. ಅವರು ಹೇಳಿದರು ಅಂತ ಕಣ್ಣು ಮುಚ್ಚಿ ನುಗ್ಗಬಾರದು. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತು ಶುರು ಮಾಡಿ, ಇಲ್ಲವಾದರೆ ಮೊದಲ ಪದ ನುಂಗಿಹೋಗುತ್ತದೆ. ನಮ್ಮ ಉಚ್ಚಾರದ ಬಗ್ಗೆ ಸಂಕೋಚ ಬೇಡ. ನಿಧಾನವಾಗಿ ಹೇಳಿದರೆ ಸಾಕು.

ಇನ್ನು ದೂರುಗಳು. ಸೆಟ್ ಗಟ್ಟಿಮುಟ್ಟಾಗಿದೆ, ಮೈಕ್ ಹಾಗಿಲ್ಲ. ಅದರ ಸುರುಳಿ ವೈರು ಬಿಸಿಲಿಗೆ ಒಣಗಿ, ಬುಡದಲ್ಲಿ ಬಿರುಕು ಬಿಟ್ಟಿತು. ಮಾತಾಡುವ ಗುಂಡಿಯ ಸಂದಿಗೆ ಧೂಳು ಹೊಕ್ಕು, ಒತ್ತಿದರೆ ಮೇಲೆ ಬರುವುದೇ ಇಲ್ಲ. ಹಾಗೆ ಸಿಕ್ಕಿಕೊಂಡರೆ ಚಾನೆಲ್ ನಮ್ಮಿಂದಲೇ ಕಟ್ಟಿಹೋಗುತ್ತದೆ. ವಾರಂಟಿ ಕೇಳಿದರೆ, ಅದು ಸೆಟ್‌ಗೆ ಮಾತ್ರ ಅಂದರು. ಮಧ್ಯಾಹ್ನದ ಬಿಸಿಲಲ್ಲಿ ಡಿಸ್ಪ್ಲೇ ಓದಲು ಆಗದು. ಮಾತು ನಡೆಯುತ್ತಿರುವ ಚಾನೆಲ್ ಹುಡುಕುವ ಸ್ಕ್ಯಾನ್ ಬಟನ್ ಗಣಿ ಊರುಗಳ ಹತ್ತಿರ ದಂಡ, ಎಲ್ಲ ಚಾನೆಲ್‌ನಲ್ಲೂ ಯಾರಾದರೂ ಮಾತಾಡುತ್ತಲೇ ಇರುತ್ತಾರೆ.

ದುಡ್ಡು ಹಾಕುವುದಾದರೆ ಆಂಟೆನಾಗೆ ಹಾಕಿ. ಗುಡ್ಡಗಾಡಿಗೆ 3 ಡಿಬಿಐ ಗೇನ್ (ಸಂಕೇತವನ್ನು ಎಷ್ಟು ಒಂದೇ ಮಟ್ಟಕ್ಕೆ ಒತ್ತಿ ದೂರ ಕಳಿಸುತ್ತದೆ ಅನ್ನುವ ಅಳತೆ) ಇರುವ ಗಿಡ್ಡ ಆಂಟೆನಾ ಒಳ್ಳೆಯದು, ಈ ಬಯಲಿಗೆ 6 ಅಥವಾ ಅದಕ್ಕಿಂತ ಜಾಸ್ತಿಯದ್ದು. ಬುಡದಲ್ಲಿ ಸ್ಪ್ರಿಂಗ್ ಇರುವುದನ್ನೇ ತಗೊಳ್ಳಿ. ಮಣ್ಣು ರಸ್ತೆಯ ಅಲೆಅಲೆ ಏರಿಳಿತಕ್ಕೆ ನಟ್ಟು ಸಡಿಲವಾಗುತ್ತದೆ, ಸಂಜೆ ಗಾಡಿ ನಿಲ್ಲಿಸಿದಾಗೆಲ್ಲ ಸ್ಪ್ಯಾನರ್ ಹಾಕಿ ನೋಡುವುದು ಒಳ್ಳೇದು.

ತುರ್ತಿಗೆ 5 ಮತ್ತು 35ನೇ ಚಾನೆಲ್ ಮೀಸಲು, ಅಲ್ಲಿ ಹರಟೆ ಹೊಡೆಯುವಂತಿಲ್ಲ. ಆದರೆ ಸುತ್ತ ಕೆಲವು ಕಿ.ಮೀ. ಒಳಗೆ ಯಾರೂ ಇಲ್ಲದಿದ್ದರೆ ಕರೆದು ಏನು ಪ್ರಯೋಜನ? ಲ್ಯಾವರ್ಟನ್ ದಾಟುವವರು ಉಪಗ್ರಹಕ್ಕೆ ಸಂಕೇತ ಕಳಿಸುವ ಪಿಎಲ್‌ಬಿ ಬೀಕನ್ ಒಂದನ್ನು ಇಟ್ಟುಕೊಳ್ಳಲೇಬೇಕು. ಅದರ ನೋಂದಣಿ ಉಚಿತ.

ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದದ್ದು ಮೈಕ್‌ಗೆ. ಸೆಟ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಆಂಟೆನಾ, ಕೇಬಲ್ ಹೊಸದಿರಲಿ. ಜೊತೆಗೊಂದು ಸ್ಪೇರ್ ಮೈಕ್ ಇಟ್ಟುಕೊಳ್ಳಿ.