ಒಂದೇ ಮಸೂದೆ, ನಮ್ಮ ಕಡೆಯದೇ ಮೂರು ವ್ಯಾಖ್ಯಾನ

ನಾನು ಬಲಪಂಥೀಯ. ಮುಚ್ಚಿಡುವಂಥದ್ದೇನಿಲ್ಲ, ಮೈಸೂರಿನ ಸರಸ್ವತಿಪುರಂನ ನಮ್ಮ ವಾಕಿಂಗ್ ಬಳಗಕ್ಕೆಲ್ಲ ಗೊತ್ತಿರುವ ವಿಷಯ. ಆದರೆ ನಮ್ಮ ಕಡೆಯವರು ಬರೆದದ್ದನ್ನು ಓದಿ ಓದಿ ನನ್ನ ಮೇಲೇ ಒಂದು ಅನುಮಾನ ಬಂದಿತ್ತು. ನಾನು ವಿಷಯ ತಿಳಿಯಲು ಓದುತ್ತಿದ್ದೇನೋ, ಬೆನ್ನು ತಟ್ಟಿಸಿಕೊಳ್ಳಲೋ?

2024ರ ಡಿಸೆಂಬರ್ 17ರಂದು, ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ನಡೆಸುವ ‘ಒಂದು ದೇಶ, ಒಂದು ಚುನಾವಣೆ’ಯ ಮಸೂದೆ ಲೋಕಸಭೆಗೆ ಬಂತಲ್ಲ, ಅದನ್ನೇ ಒರೆಗಲ್ಲು ಮಾಡಿಕೊಂಡೆ. ಒಂದು ಕನ್ನಡ ಪತ್ರಿಕೆಯ ವಾರದ ಅಂಕಣ, ಒಂದು ಇಂಗ್ಲಿಷ್ ಪತ್ರಿಕೆಯ ಭಾನುವಾರದ ಅಂಕಣ, ಒಂದು ಯೂಟ್ಯೂಬ್ ಚಾನೆಲ್. ಮೂರೂ ಮಸೂದೆಯನ್ನು ಮೆಚ್ಚಿದವೇ. ಹೆಸರು ಹೇಳುವುದಿಲ್ಲ, ನಾಳೆ ಯಾರದೋ ಮದುವೆ ಮನೆಯಲ್ಲಿ ಮುಖ ನೋಡಬೇಕಾಗುತ್ತದೆ.

ಯೂಟ್ಯೂಬಿನದು ಬೇಗ ಮುಗಿಯುತ್ತದೆ. ಕೆಂಪು ಬಾಣ, ಬಾಯಿ ತೆರೆದ ಮುಖ, ‘ಗಂಜಿ ಗಿರಾಕಿಗಳಿಗೆ ನಡುಕ!’ ಎಂಬ ತಲೆಬರಹ. ಇಪ್ಪತ್ತೆರಡು ನಿಮಿಷ ಕೇಳಿದೆ. ಅಡುಗೆಮನೆ ಕಟ್ಟೆಯ ಮೇಲೆ ಫೋನ್ ಒರಗಿಸಿಟ್ಟು, ನಾನೂ ನನ್ನ ಹೆಂಡತಿಯೂ ಸೊಗಡವರೆ ಹಿತಕುತ್ತಾ ಕೂತಿದ್ದೆವು. ಮುಗಿದ ಮೇಲೆ ಅವಳು, “ಅಲ್ಲಾ ರೀ, ಮಧ್ಯದಲ್ಲೇ ಸರ್ಕಾರ ಬಿದ್ದುಹೋದ್ರೆ ಏನ್ಮಾಡ್ತಾರಂತೆ?” ಅಂದಳು. ಅದಕ್ಕೆ ಉತ್ತರ ವಿಡಿಯೊದಲ್ಲಿ ಇರಲೇ ಇಲ್ಲ. ಮಸೂದೆಯಲ್ಲಿದೆ: ಚುನಾವಣೆ ನಡೆಯುತ್ತದೆ, ಆದರೆ ಹೊಸ ಸದನಕ್ಕೆ ಉಳಿದ ಅವಧಿ ಮಾತ್ರ. ಎರಡು ವರ್ಷ ಉಳಿದಿದ್ದರೆ ಎರಡೇ ವರ್ಷ. ಅವರೆಕಾಳು ಹಿತಕುವವರಿಗೆ ಹೊಳೆದ ಪ್ರಶ್ನೆ ಲಕ್ಷಗಟ್ಟಲೆ ಜನ ನೋಡುವ ಚಾನೆಲ್ಲಿಗೆ ಹೊಳೆಯಲಿಲ್ಲ.

ಕನ್ನಡ ಅಂಕಣ ಹಾಗಲ್ಲ. ಆ ಮನುಷ್ಯನಿಗೆ ಕಥೆ ಹೇಳಲು ಬರುತ್ತದೆ. 1951-52, 57, 62, 67ರಲ್ಲಿ ಲೋಕಸಭೆಗೂ ವಿಧಾನಸಭೆಗಳಿಗೂ ಬಹುಮಟ್ಟಿಗೆ ಒಟ್ಟಿಗೇ ಮತದಾನ ನಡೆದದ್ದು, ಆಮೇಲೆ ಕೆಲವು ವಿಧಾನಸಭೆಗಳು ಅವಧಿಗೆ ಮೊದಲೇ ವಿಸರ್ಜನೆಯಾದದ್ದು, 1970ರ ಕೊನೆಗೆ ಲೋಕಸಭೆಯನ್ನೂ ವರ್ಷ ಮುಂಚೆಯೇ ವಿಸರ್ಜಿಸಿ ಸರಪಳಿ ಕಡಿದದ್ದು, ಎಲ್ಲ ಒಂದೂವರೆ ಕಾಲಂನಲ್ಲಿ ಬಂದಿತ್ತು. ನೀತಿಸಂಹಿತೆ ಜಾರಿಯಾದರೆ ಊರಿನ ಕೆಲಸಗಳು ಹೇಗೆ ನಿಲ್ಲುತ್ತವೆ ಎಂಬುದನ್ನೂ ಚೆನ್ನಾಗಿ ಬರೆದಿದ್ದರು. ನನ್ನದೊಂದು ಅಭ್ಯಾಸವಿದೆ: ತಾಳೆ ನೋಡಬಹುದಾದ ಮಾತಿಗೆ ನೀಲಿ ಗೆರೆ, ಬರೀ ಬೈಗುಳಕ್ಕೆ ಕೆಂಪು. ಮೊದಲರ್ಧ ಪೂರ್ತಿ ನೀಲಿ. ಎರಡನೆಯ ಅರ್ಧದಲ್ಲಿ ಬುದ್ಧಿಜೀವಿಗಳು ಬಂದರು ನೋಡಿ, ಪುಟವೆಲ್ಲ ಕುಂಕುಮ ಚೆಲ್ಲಿದಂತಾಯಿತು.

ಅದಕ್ಕಿಂತ ಕೆಟ್ಟದ್ದು ಕೊನೆಯ ಪ್ಯಾರಾ. ‘269 ಮತ ಬಿದ್ದವು, ಸದನ ಒಪ್ಪಿದೆ’ ಎಂದಿದ್ದರು. 269–198 ಎಂಬುದು ಮಸೂದೆ ಮಂಡಿಸಲು ಬಿದ್ದ ಮತ, ಅದಕ್ಕೆ ಸರಳ ಬಹುಮತ ಸಾಕು. ಇದು ಸಂವಿಧಾನ ತಿದ್ದುಪಡಿ. ಪಾಸಾಗಬೇಕಾದರೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು. ಅವತ್ತಿನ 467 ಮತಗಳ ಲೆಕ್ಕದಲ್ಲಿ 312, ಅಂದರೆ 43 ಕಮ್ಮಿ. ಗೊತ್ತಿಲ್ಲದೆ ಬರೆದರೋ, ಓದುಗನಿಗೆ ಬೇಡವೆಂದುಕೊಂಡರೋ. ಅಂಕಣ ಬರೆಯುತ್ತಿದ್ದವರೊಬ್ಬರು 2014, 2019ರಲ್ಲಿ ಎರಡು ಸಲ ಸಂಸದರಾದ ಊರು ನಮ್ಮದು. ಹಾಗಾಗಿ ಯಾವ ಅಂಕಣ ಓದಿದರೂ ಇದು ಓದುಗನಿಗೋ ಹೈಕಮಾಂಡಿಗೋ ಎಂಬ ಪ್ರಶ್ನೆ ಮೈಸೂರಿನವರಿಗೆ ಏಳುವುದು ಸಹಜ.

ಇಂಗ್ಲಿಷ್ ಅಂಕಣ ಈ ಮೂರನೇ ಎರಡರ ವಿಷಯವನ್ನು ಎರಡನೆಯ ವಾಕ್ಯದಲ್ಲೇ ಹೇಳಿತ್ತು. ಮಸೂದೆ ಬೇಕು ಎನ್ನುತ್ತಲೇ, ವಿಧಾನಸಭೆಯ ಅವಧಿಯನ್ನು ಲೋಕಸಭೆಯ ಗೂಟಕ್ಕೆ ಕಟ್ಟಿದಂತಾಗುತ್ತದೆ ಎಂಬ ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಉತ್ತರ ಕೊಟ್ಟಿತ್ತು. ಇದ್ದ ವ್ಯವಸ್ಥೆಗೆ ಕೈಹಾಕುವ ಮುಂಚೆ ಹತ್ತು ಸಲ ಯೋಚಿಸುವವನೇ ಸಂಪ್ರದಾಯವಾದಿ ಅಂತ ನಾನು ತಿಳಿದಿದ್ದೆ. ಹಾಗೆ ಯೋಚಿಸಿದ್ದು ಇಲ್ಲಿ ಮಾತ್ರ ಕಂಡಿತು. ಕೆಂಪು ಗೆರೆ ಒಂದೇ ಒಂದು.

ಆದರೆ ಅದಕ್ಕೆ ದೆಹಲಿ ಬಿಟ್ಟು ಬೇರೆ ಊರು ಗೊತ್ತಿಲ್ಲ. ಒಟ್ಟಿಗೆ ಮತ ಹಾಕಿಸಿದರೆ ಜನ ಎರಡಕ್ಕೂ ಒಂದೇ ಪಕ್ಷವನ್ನು ಆರಿಸುತ್ತಾರೋ ಇಲ್ಲವೋ ಎಂದು ಚರ್ಚಿಸುವವರು ಕರ್ನಾಟಕವನ್ನು ನೋಡದೇ ಇರುವುದು ಹೇಗೆ? 1984ರ ಡಿಸೆಂಬರಿನಲ್ಲಿ 28ರಲ್ಲಿ 24 ಲೋಕಸಭಾ ಸೀಟು ಕಾಂಗ್ರೆಸ್ಸಿಗೆ ಕೊಟ್ಟ ಜನ, 1985ರ ಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಕೊಟ್ಟರು. ಮಂಡ್ಯ ಜಿಲ್ಲೆ 2018ರಲ್ಲಿ ಏಳಕ್ಕೆ ಏಳೂ ಜೆಡಿಎಸ್‌ಗೆ ಕೊಟ್ಟು, ಮರುವರ್ಷ ಮುಖ್ಯಮಂತ್ರಿಯ ಮಗನನ್ನೇ ಸೋಲಿಸಿ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರನ್ನು ಒಂದೂಕಾಲು ಲಕ್ಷ ಮತದ ಅಂತರದಲ್ಲಿ ಗೆಲ್ಲಿಸಿತು.

ಮದ್ದೂರಿನಲ್ಲಿರುವ ನನ್ನ ಭಾವಮೈದ ಕಬ್ಬು ಬೆಳೆಯುತ್ತಾನೆ, ಅಂಕಣ ಓದುವುದಿಲ್ಲ. ಅವನನ್ನು ಕೇಳಿದೆ. “ಅಸೆಂಬ್ಲಿ ಓಟೇ ಬ್ಯಾರೆ, ಪಾರ್ಲಿಮೆಂಟ್ ಓಟೇ ಬ್ಯಾರೆ ಭಾವ. ಎಲ್ಡನ್ನೂ ಒಂದೇ ದಿನ ಮಡಗುದ್ರೆ ನಮ್ಗೇನು ಗೊತ್ತಾಗಕಿಲ್ವಾ?” ಅಂದ. 2004ರಲ್ಲಿ ಇಲ್ಲಿ ಎರಡೂ ಒಟ್ಟಿಗೇ ನಡೆದಿದ್ದವು. ಬಿಜೆಪಿಗೆ ಲೋಕಸಭೆಯ 28ರಲ್ಲಿ 18 ಬಂತು, ವಿಧಾನಸಭೆಯ 224ರಲ್ಲಿ ಮಾತ್ರ 79ಕ್ಕೇ ನಿಂತಿತು. ನಮ್ಮವರ ಆಸೆ, ಅವರ ಭಯ ಎರಡನ್ನೂ ಒಟ್ಟಿಗೆ ತಣ್ಣಗಾಗಿಸುವ ಈ ಅಂಕಿ ಮೂವರಲ್ಲಿ ಒಬ್ಬರಲ್ಲೂ ಇರಲಿಲ್ಲ.

ಚಾನೆಲ್ ಬಿಟ್ಟೆ. ಫೋನು ಬಿಡಬೇಕಲ್ಲ, ಈಗಲೂ ಆ ಕೆಂಪು ಬಾಣ ತಂದು ತೋರಿಸುತ್ತದೆ. ಭಾನುವಾರ ಮಾತ್ರ ಇಂಗ್ಲಿಷ್ ಪತ್ರಿಕೆ ಹಾಕಲು ಹುಡುಗನಿಗೆ ಹೇಳಿದ್ದೇನೆ. ಕನ್ನಡದ್ದನ್ನು ನಿಲ್ಲಿಸಲು ಮನಸ್ಸು ಬರಲಿಲ್ಲ. ಮಂಡ್ಯದ ಬಗ್ಗೆ ಯಾವತ್ತಾದರೂ ಬರೆದರೆ ಆ ಮನುಷ್ಯನೇ ಬರೆಯಬೇಕು. ಅದಕ್ಕೇ 312ರ ಲೆಕ್ಕ, 2004ರ ಅಂಕಿ ಎರಡನ್ನೂ ಸೇರಿಸಿ ಓದುಗರ ಪತ್ರ ವಿಭಾಗಕ್ಕೆ ಬರೆದು ಕಳಿಸಿದೆ. ನಾಲ್ಕನೇ ದಿನ ಅಚ್ಚಾಯಿತು. ‘ತಮ್ಮ ಅಂಕಣ ಸೊಗಸಾಗಿತ್ತು’ ಎಂಬ ಮೊದಲ ಸಾಲು ಹಾಗೇ ಇತ್ತು, ಲೆಕ್ಕ ಇರಲಿಲ್ಲ.