ವೂಕಾಮರ್ಸ್: ಇಳಕಲ್ ಸೀರೆ ಮಾರುವವರಿಗೆ ಹೊಂದುತ್ತದೆಯೇ?

ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಅಂದರೆ ನನಗೆ ಹುಚ್ಚು ಪ್ರೀತಿ. ಅವುಗಳ ಬಗ್ಗೆ ಹವ್ಯಾಸಕ್ಕೆಂದು ವರ್ಡ್‌ಪ್ರೆಸ್ ತಾಣದಲ್ಲಿ ಬರೆಯುತ್ತಿದ್ದೆ. ಓದಿದವರು ಫೋನು ಮಾಡಿ ಕೇಳುತ್ತಿದ್ದುದು ಒಂದೇ ಮಾತು: "ಅಕ್ಕಾರ, ಈ ಸೀರಿ ಎಲ್ಲಿ ಸಿಗತೈತ್ರಿ? ನೀವ ಕಳಸ್ತೀರೇನು?" ನೇಕಾರರ ಮನೆಗಳ ಪರಿಚಯ ಮೊದಲಿನಿಂದಲೂ ಇತ್ತು. ಅದೇ ತಾಣಕ್ಕೆ ವೂಕಾಮರ್ಸ್ (ತಾಣದಲ್ಲೇ ಅಂಗಡಿ ನಡೆಸಲು ಸೇರಿಸಿಕೊಳ್ಳುವ ತಂತ್ರಾಂಶ, ಅಂದರೆ ಪ್ಲಗಿನ್) ಹಾಕಿ ಅಂಗಡಿ ತೆರೆದೆ. ಈಗ ನಮ್ಮ ಮನೆಖರ್ಚು ಇದರಿಂದಲೇ ನಡೆಯುತ್ತದೆ.

ವೂಕಾಮರ್ಸ್ 2011ರಲ್ಲಿ ಬಂದ ಪ್ಲಗಿನ್. 2015ರಿಂದ ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್ ಎಂಬ ಕಂಪನಿಯದು. ಪ್ಲಗಿನ್‌ಗೆ ದುಡ್ಡಿಲ್ಲ, ಮಾರಾಟದ ಮೇಲೆ ಕಮಿಷನ್ನೂ ಇಲ್ಲ. ಆದರೆ ಹೋಸ್ಟಿಂಗ್ (ತಾಣ ಇಡುವ ಜಾಗ), ಡೊಮೇನ್ (ತಾಣದ ವಿಳಾಸ), ಆನ್‌ಲೈನಿನಲ್ಲಿ ಹಣ ಪಡೆಯುವ ಪೇಮೆಂಟ್ ಗೇಟ್‌ವೇ ಖರ್ಚು ನಮ್ಮ ತಲೆಯ ಮೇಲೆ. ಗೇಟ್‌ವೇ ಶೇ 2 ಹಿಡಿದರೆ, ಆ ಶುಲ್ಕಕ್ಕೆ ಮತ್ತೆ ಶೇ 18 ಜಿಎಸ್‌ಟಿ ಸೇರಿ 4,000 ರೂಪಾಯಿಯ ಸೀರೆಗೆ 94 ರೂಪಾಯಿ ಹೋಗುತ್ತದೆ. ಬೆಲೆ ಕಟ್ಟುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ನನಗೆ ಇದು ಇಷ್ಟವಾಗಲು ದೊಡ್ಡ ಕಾರಣ, ಬರಹ ಮತ್ತು ಸೀರೆ ಒಂದೇ ಪುಟದಲ್ಲಿ ಕೂಡುವುದು. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ (ಉದ್ದಕ್ಕೆ ಬರುವ) ಎಳೆಗಳನ್ನು ಸೆರಗಿನ ರೇಷ್ಮೆ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅದು ಹೇಗೆ ಅಂತ ಚಿತ್ರ ಸಮೇತ ಬರೆದು, ಅದರ ಕೆಳಗೇ ತೋಪು ತೆನೆ ಎಂಬ ವಿನ್ಯಾಸದ ಸೆರಗಿನ ಸೀರೆ ಇಡುತ್ತೇನೆ. ಕೊಂಡಿಯ ಕೆಲಸ ಓದಿ ಬಂದವರು ಬೆಲೆಗೆ ಚೌಕಾಸಿ ಮಾಡುವುದು ಬಹಳ ಕಡಿಮೆ. ಬೇರೆ ಕಡೆ ಅಂಗಡಿ ತೆರೆದಿದ್ದರೆ ಈ ಓದುಗರನ್ನು ಅಲ್ಲಿಗೆ ಕರೆತರುವುದೇ ಒಂದು ಕೆಲಸವಾಗುತ್ತಿತ್ತು.

ಕೈಮಗ್ಗದ ಸೀರೆ ಎಷ್ಟೋ ಸಲ ಆ ಬಣ್ಣದ್ದು ಒಂದೇ ಇರುತ್ತದೆ. ಸ್ಟಾಕ್ 1 ಅಂತ ಬರೆದರೆ ಸಾಕು. ಆರ್ಡರ್ ಹಾಕಿ ಹಣ ಕಟ್ಟದೆ ಬಿಟ್ಟವರ ಆರ್ಡರ್ 60 ನಿಮಿಷಕ್ಕೆ ರದ್ದಾಗಿ ಸೀರೆ ತಾನೇ ಅಂಗಡಿಗೆ ವಾಪಸ್ ಬರುತ್ತದೆ. ಈ ಸಮಯವನ್ನು ಬದಲಾಯಿಸಿಕೊಳ್ಳಬಹುದು. ಅಂಚೆ ಖರ್ಚಿಗೆ ಪಿನ್‌ಕೋಡ್ ಪ್ರಕಾರ ವಲಯ ಮಾಡಬಹುದು: 580* (580ರಿಂದ ಶುರುವಾಗುವ ಎಲ್ಲವೂ) ಅಂತ ಕೊಟ್ಟರೆ ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಒಂದು ದರ, ಮಹಾರಾಷ್ಟ್ರಕ್ಕೆ ಇನ್ನೊಂದು. ಖಣ ಉಡುವವರು ಪುಣೆ, ಸೊಲ್ಲಾಪುರದಲ್ಲೂ ಇದ್ದಾರೆ, ಹಾಗಾಗಿ ಇದು ನನಗೆ ದಿನನಿತ್ಯದ ಉಪಯೋಗ. ತೂಕದ ಮೇಲೆ ದರ ಹಾಕಬೇಕೆಂದರೆ ಮಾತ್ರ ಬೇರೆ ಪ್ಲಗಿನ್ ಬೇಕು.

ಖಣದ ವಿಷಯದಲ್ಲಿ ಎರಡು ಕೊರತೆ ಇದೆ. ಒಂದು, ಪ್ಲಗಿನ್ ಇರುವ ಹಾಗೆಯೇ ಬಳಸಿದರೆ ಸ್ಟಾಕ್ ಪೂರ್ಣಾಂಕದಲ್ಲೇ ಇರಬೇಕು, ಎರಡೂವರೆ ಮೀಟರ್ ಅಂತ ಮಾರಲು ಬರುವುದಿಲ್ಲ. ಅದಕ್ಕೆ ನಾನು ಅರ್ಧ ಮೀಟರನ್ನು ಒಂದು ಅಂತ ಇಟ್ಟು ಅದನ್ನು ಹೆಸರಿನಲ್ಲೇ ದಪ್ಪಗೆ ಬರೆದಿದ್ದೇನೆ. ಇನ್ನೊಂದು, ಒಂದು ಉತ್ಪನ್ನದಲ್ಲಿ ಹಲವು ಬಣ್ಣ ಕೊಟ್ಟರೆ ಬಣ್ಣಕ್ಕೆ ಒಂದೇ ಫೋಟೊ. ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ಖಣ ಬೆಳಕಿಗೆ ಹಿಡಿದಾಗ ಒಂದು ತರಹ, ಮಡಿಕೆಯಲ್ಲಿ ಇನ್ನೊಂದು ತರಹ ಕಾಣುತ್ತದೆ. ಒಂದೇ ಫೋಟೊದಲ್ಲಿ ಅದನ್ನು ತೋರಿಸುವುದು ಕೊಳ್ಳುವವರಿಗೆ ಅನ್ಯಾಯ. ಆದ್ದರಿಂದ ಪ್ರತಿ ಬಣ್ಣವನ್ನೂ ಬೇರೆ ಉತ್ಪನ್ನವಾಗಿಯೇ ಹಾಕುತ್ತೇನೆ. ಕೆಲಸ ಹೆಚ್ಚು, ಆದರೆ ಬಣ್ಣದ ತಕರಾರು ಬರುವುದಿಲ್ಲ.

ಕನ್ನಡದಲ್ಲಿ ಅಂಗಡಿ ನಡೆಸಲು ತೊಂದರೆಯಿಲ್ಲ. ಲೊಕೊ ಟ್ರಾನ್ಸ್‌ಲೇಟ್ ಎಂಬ ಪ್ಲಗಿನ್‌ನಿಂದ ಬಟನ್‌ಗೆ "ಚೀಲಕ್ಕೆ ಹಾಕಿ" ಅಂತ ಕೊಟ್ಟಿದ್ದೇನೆ, ನಮ್ಮ ಕಡೆಯ ಹಿರಿಯರಿಗೆ ಥಟ್ಟನೆ ತಿಳಿಯುತ್ತದೆ. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕನ್ನಡದಲ್ಲಿಟ್ಟರೆ ವಾಟ್ಸ್ಆ್ಯಪ್‌ಗೆ ಕಳಿಸುವಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿಬಿಡುತ್ತದೆ.

ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಲು ಸಮಯವಿಲ್ಲದವರಿಗೆ ಇದನ್ನು ಹಾಕಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ನಾನು ಮೊದಲು ತಾಣದ ನಕಲಿನಲ್ಲಿ ಅಪ್‌ಡೇಟ್ ಹಾಕಿ, ಒಂದು ಖಣ ನಾನೇ ಕೊಂಡು, ಹಣ ಕಟ್ಟುವವರೆಗೂ ನೋಡುತ್ತೇನೆ. ಪಂಚಮಿ, ದೀಪಾವಳಿ ಮುಂದಿರುವಾಗ ಭದ್ರತೆಗೆ ಸಂಬಂಧಿಸಿದ್ದನ್ನು ಬಿಟ್ಟು ಬೇರೆ ಯಾವ ಅಪ್‌ಡೇಟನ್ನೂ ಮುಟ್ಟುವುದಿಲ್ಲ.